ಸುನ್ನತಿ, ಎಚ್‌ಐವಿ ಮತ್ತು ಶೇ. 60ರ ಲೆಕ್ಕ

‘ಸುನ್ನತಿ ಮಾಡಿಸಿಕೊಂಡವರಿಗೆ ಏಡ್ಸ್ ಬರುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆಯಂತೆ, ನಿಜವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ತಮಗೆ ಬಂದ ವಾಟ್ಸ್ಯಾಪ್ ಸಂದೇಶವನ್ನೂ ಕಳಿಸಿದ್ದಾರೆ. ಸಂಸ್ಥೆ ಹಾಗೆ ಹೇಳಿಲ್ಲ. ಹಾಗೆಂದು ಸಂದೇಶ ಪೂರ್ತಿ ಕಟ್ಟುಕಥೆಯೂ ಅಲ್ಲ.

2007ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುಎನ್‌ಏಡ್ಸ್ ಜೊತೆಯಾಗಿ ಹೇಳಿದ್ದು ಇದು: ಎಚ್‌ಐವಿ ವ್ಯಾಪಕವಾಗಿರುವ, ಅದು ಮುಖ್ಯವಾಗಿ ಗಂಡು–ಹೆಣ್ಣಿನ ಸಂಪರ್ಕದಿಂದ ಹರಡುವ, ಸುನ್ನತಿಯ ರೂಢಿ ಕಡಿಮೆ ಇರುವ ಪ್ರದೇಶಗಳಲ್ಲಿ ಕಾಂಡೋಮ್, ಪರೀಕ್ಷೆ, ತಿಳಿವಳಿಕೆಗಳ ಜೊತೆಗೆ ಸುನ್ನತಿಯನ್ನೂ ಒಂದು ತಡೆಕ್ರಮವಾಗಿ ಸೇರಿಸಿಕೊಳ್ಳಿ. ಅದರಿಂದ ಹೆಣ್ಣಿನಿಂದ ಗಂಡಿಗೆ ಸೋಂಕು ದಾಟುವುದು ಸುಮಾರು ಶೇ. 60ರಷ್ಟು ತಗ್ಗುತ್ತದೆ. ವಾಟ್ಸ್ಯಾಪ್ ಸಂದೇಶದಲ್ಲಿ ಈ ಷರತ್ತುಗಳಲ್ಲಿ ಒಂದೂ ಉಳಿದಿಲ್ಲ. ಅವು ಎಲ್ಲಿಂದ ಬಂದವು ಎನ್ನುವುದು ವೈದ್ಯಶಾಸ್ತ್ರದ ಸ್ವಾರಸ್ಯಕರ ಕಥೆಗಳಲ್ಲೊಂದು. ಅದಕ್ಕಾಗಿ 170 ವರ್ಷ ಹಿಂದಕ್ಕೆ, ಲಂಡನ್ನಿಗೆ ಹೋಗಬೇಕು.

ಅಲ್ಲಿನ ಮೆಟ್ರೊಪಾಲಿಟನ್ ಫ್ರೀ ಹಾಸ್ಪಿಟಲ್‌ನಲ್ಲಿ ಜೊನಾಥನ್ ಹಚಿನ್ಸನ್ ಎಂಬ ಯುವ ಶಸ್ತ್ರವೈದ್ಯರಿದ್ದರು. ಜನ್ಮದಿಂದ ಸಿಫಿಲಿಸ್ ತಗುಲಿದ ಮಕ್ಕಳ ವಿಕಾರ ಹಲ್ಲುಗಳಿಗೆ ಇಂದಿಗೂ ಅವರದೇ ಹೆಸರಿದೆ. ಆಸ್ಪತ್ರೆಗೆ ಬರುತ್ತಿದ್ದ ಬಡ ರೋಗಿಗಳಲ್ಲಿ ಯಹೂದಿಗಳೂ ಇದ್ದರು, ಉಳಿದವರೂ ಇದ್ದರು. ಯಹೂದಿ ಗಂಡಸರಲ್ಲಿ ಸಿಫಿಲಿಸ್ ಎದ್ದು ಕಾಣುವಷ್ಟು ಕಡಿಮೆ ಎಂದು ಗಮನಿಸಿದ ಹಚಿನ್ಸನ್, 1855ರಲ್ಲಿ ಅದನ್ನು ಪ್ರಕಟಿಸಿದರು. ಕಾರಣ ಸುನ್ನತಿ ಎಂದರು.

ಯಹೂದಿಗಳು ಬರೀ ಶೀಲವಂತರಾಗಿದ್ದರೆ? ಈ ಪ್ರಶ್ನೆ ಹಚಿನ್ಸನ್‌ಗೂ ಹೊಳೆದಿತ್ತು. ಅವರ ಉತ್ತರ ಜಾಣತನದ್ದು. ಯಹೂದಿಗಳಲ್ಲಿ ಗೊನೊರಿಯಾ ಕಡಿಮೆಯೇನೂ ಇರಲಿಲ್ಲ. ಅದು ಬರುವ ದಾರಿಯೂ ಅದೇ. ಒಂದು ಗುಹ್ಯರೋಗ ಕಡಿಮೆ, ಇನ್ನೊಂದು ಕಡಿಮೆಯಿಲ್ಲ ಎಂದಾದರೆ ವ್ಯತ್ಯಾಸ ನಡತೆಯಲ್ಲಿಲ್ಲ, ದೇಹದಲ್ಲಿದೆ. ಈ ತರ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಪುಣೆಯಲ್ಲಿ ಮತ್ತೆ ಎದುರಾಗುತ್ತದೆ.

ಹಚಿನ್ಸನ್ ನಂತರದ ಅರ್ಧ ಶತಮಾನದಲ್ಲಿ ಸುನ್ನತಿಗೆ ಸರ್ವರೋಗ ನಿವಾರಣೆಯ ಪಟ್ಟ ಬಂತು. 1870ರಲ್ಲಿ ನ್ಯೂಯಾರ್ಕಿನ ಮೂಳೆವೈದ್ಯ ಲೂಯಿಸ್ ಸೇಯರ್, ಕಾಲಿನ ಶಕ್ತಿ ಕಳೆದುಕೊಂಡ ಹುಡುಗನೊಬ್ಬನಿಗೆ ಸುನ್ನತಿ ಮಾಡಿ ನಡೆಸಿದೆ ಎಂದು ಸಾರಿದರು. ಮೂರ್ಛೆರೋಗಕ್ಕೆ ಸುನ್ನತಿ, ಹಸ್ತಮೈಥುನ ಬಿಡಿಸಲು ಸುನ್ನತಿ! ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಧರ್ಮದ ಕಟ್ಟಳೆ ಇಲ್ಲದವರೂ ಗಂಡುಮಕ್ಕಳಿಗೆ ಸುನ್ನತಿ ಮಾಡಿಸತೊಡಗಿದ್ದು ಆ ಕಾಲದಲ್ಲಿ. ಈ ಚರಿತ್ರೆ ಗೊತ್ತಿದ್ದವರಿಗೆ, 1980ರ ದಶಕದಲ್ಲಿ ‘ಸುನ್ನತಿಯಿಂದ ಏಡ್ಸ್ ತಡೆಯಬಹುದು’ ಎಂಬ ಮಾತು ಕೇಳಿದಾಗ ಹುಬ್ಬೇರಿದ್ದು ಸಹಜವೇ.

ಆದರೆ ಈ ಸಲ ಅಂಕಿಅಂಶ ಬಲವಾಗಿತ್ತು. 1989ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮತ್ತು ಕೀನ್ಯಾದ ವೈದ್ಯರ ತಂಡ ನೈರೋಬಿಯ ಗುಹ್ಯರೋಗ ಚಿಕಿತ್ಸಾಲಯಕ್ಕೆ ಬರುವ ಗಂಡಸರನ್ನು ಗಮನಿಸಿ, ಸುನ್ನತಿಯಾಗದವರಿಗೆ ಎಚ್‌ಐವಿ ತಗಲುವ ಅಪಾಯ ಸುಮಾರು ಎಂಟು ಪಟ್ಟು ಎಂದಿತು. 2000ದಲ್ಲಿ ಉಗಾಂಡಾದ ರಾಕಾಯ್ ಜಿಲ್ಲೆಯಿಂದ ಇನ್ನೊಂದು ವರದಿ ಬಂತು. ಹೆಂಡತಿಗೆ ಎಚ್‌ಐವಿ ಇದ್ದು ಗಂಡನಿಗೆ ಇಲ್ಲದ ಜೋಡಿಗಳಲ್ಲಿ, ಸುನ್ನತಿಯಾಗದ 137 ಗಂಡಂದಿರ ಪೈಕಿ 40 ಮಂದಿಗೆ ಸೋಂಕು ತಗುಲಿತ್ತು. ಸುನ್ನತಿಯಾದ 50 ಗಂಡಂದಿರಲ್ಲಿ ಒಬ್ಬರಿಗೂ ತಗುಲಿರಲಿಲ್ಲ.

ಇಷ್ಟು ಸಾಲದೇ? ಸಾಲದು. ಏಕೆಂದರೆ ಸುನ್ನತಿಯಾದ ಗಂಡಸು ಸಾಮಾನ್ಯವಾಗಿ ಬೇರೆ ಧರ್ಮದವನು, ಬೇರೆ ಬುಡಕಟ್ಟಿನವನು. ಅವನ ಮದುವೆಯ ವಯಸ್ಸು ಬೇರೆ, ಕುಡಿತದ ಅಭ್ಯಾಸ ಬೇರೆ, ನೀರು ಬಳಸುವ ರೀತಿ ಬೇರೆ. ನಮ್ಮ ರಸ್ತೆಗಳ ಹೆಲ್ಮೆಟ್ಟನ್ನೇ ತೆಗೆದುಕೊಳ್ಳಿ. ಪೊಲೀಸರ ಕಾಟವಿಲ್ಲದ ಊರಲ್ಲೂ ಹೆಲ್ಮೆಟ್ ಹಾಕುವವರಿಗೆ ತಲೆಗೆ ಪೆಟ್ಟಾಗುವುದು ಕಡಿಮೆ ಎಂದು ಲೆಕ್ಕ ಸಿಕ್ಕಿತು ಎನ್ನಿ. ಪುಣ್ಯ ಹೆಲ್ಮೆಟ್ಟಿನದೋ, ಹಾಕಿದವನ ಸ್ವಭಾವದ್ದೋ? ಯಾರೂ ಹೇಳದೆ ಹೆಲ್ಮೆಟ್ ಹಾಕುವವನು ಸಿಗ್ನಲ್ ಹಾರಿಸುವವನಲ್ಲ, ಮೂವರನ್ನು ಕೂರಿಸಿಕೊಂಡು ಹೋಗುವವನಲ್ಲ, ಕುಡಿದು ಬೈಕ್ ಹತ್ತುವವನೂ ಅಲ್ಲ. ಬರಿತಲೆಯಲ್ಲಿ ಹೋದರೂ ಅವನು ಬಿದ್ದು ತಲೆ ಒಡೆದುಕೊಳ್ಳುವುದು ಕಡಿಮೆಯೇ. ಹೆಲ್ಮೆಟ್ಟಿನ ಪಾಲೆಷ್ಟು ಎಂದು ತಿಳಿಯಲು ಇರುವ ನೇರ ದಾರಿ ಒಂದೇ. ಹಾಕಿಕೊಳ್ಳಲು ಒಪ್ಪಿದವರನ್ನೆಲ್ಲ ಸೇರಿಸಿ ಚೀಟಿ ಎತ್ತಬೇಕು. ಅರ್ಧ ಜನರಿಗೆ ಇವತ್ತೇ ಹೆಲ್ಮೆಟ್, ಉಳಿದ ಅರ್ಧಕ್ಕೆ ಎರಡು ವರ್ಷದ ನಂತರ. ಆಗ ಎರಡೂ ಕಡೆ ನಿಧಾನಸ್ಥರು, ಅವಸರದವರು, ಕುಡುಕರು ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ನಾವು ಊಹಿಸಲಾರದ ಗುಣಗಳೂ ಹಾಗೆಯೇ ಹಂಚಿಹೋಗುತ್ತವೆ. ಆಮೇಲೂ ವ್ಯತ್ಯಾಸ ಉಳಿದರೆ ಅದು ಹೆಲ್ಮೆಟ್ಟಿನದೇ.

ಚೀಟಿ ಎತ್ತುವ ಮೊದಲು ಪುಣೆಗೆ ಬರೋಣ. ಅಲ್ಲಿನ ಗುಹ್ಯರೋಗ ಚಿಕಿತ್ಸಾಲಯಗಳಿಗೆ ಬರುತ್ತಿದ್ದ, ಎಚ್‌ಐವಿ ಇಲ್ಲದ 2,298 ಗಂಡಸರನ್ನು ಹಿಂಬಾಲಿಸಿದ ಅಧ್ಯಯನ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಸುನ್ನತಿಯಾದವರಲ್ಲಿ ಎಚ್‌ಐವಿ ಬಹಳ ಕಡಿಮೆ. ಸಿಫಿಲಿಸ್, ಗೊನೊರಿಯಾ, ಜನನಾಂಗದ ಹರ್ಪಿಸ್ ಮಾತ್ರ ಎರಡೂ ಗುಂಪಿನಲ್ಲಿ ಒಂದೇ ಮಟ್ಟ. ಇವರ ನಡತೆ ಅವರಿಗಿಂತ ಒಳ್ಳೆಯದಾಗಿದ್ದರೆ ಎಲ್ಲ ರೋಗಗಳೂ ಕಡಿಮೆಯಾಗಬೇಕಿತ್ತು. ಹಾಗಾಗದೆ ಎಚ್‌ಐವಿ ಒಂದೇ ಕಡಿಮೆಯಾಗಿದೆ ಎಂದರೆ ಕಾರಣ ಜೈವಿಕ ಎಂದು ಸಂಶೋಧಕರು ವಾದಿಸಿದರು. ಹಚಿನ್ಸನ್ ಹೂಡಿದ್ದ ವಾದವೇ ಒಂದೂವರೆ ಶತಮಾನದ ನಂತರ ಮತ್ತೆ ಬಂದಿತ್ತು.

ಅಷ್ಟರಲ್ಲಿ ಆಫ್ರಿಕಾದ ಮೂರು ಕಡೆ ಪ್ರಯೋಗ ಶುರುವಾಗಿತ್ತು. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಬಳಿಯ ಆರೆಂಜ್ ಫಾರ್ಮ್‌ನಲ್ಲಿ ಫ್ರಾನ್ಸಿನ ಬೆರ್ತ್ರಾಂ ಒವೇರ್ ತಂಡದ ಮುಂದೆ 3,274 ಯುವಕರು. ಕೀನ್ಯಾದ ಕಿಸುಮುವಿನಲ್ಲಿ ರಾಬರ್ಟ್ ಬೇಲಿ ಮತ್ತು ಸಂಗಡಿಗರ ಮುಂದೆ 2,784 ಮಂದಿ. ರಾಕಾಯ್‌ನಲ್ಲಿ ರೊನಾಲ್ಡ್ ಗ್ರೇ ತಂಡದ ಮುಂದೆ 4,996 ಮಂದಿ. ಎಲ್ಲರೂ ಸುನ್ನತಿಗೆ ಒಪ್ಪಿ ಬಂದವರೇ. ಯಾರಿಗೆ ಈಗ, ಯಾರಿಗೆ ಆಮೇಲೆ ಎಂಬುದನ್ನು ಚೀಟಿ ನಿರ್ಧರಿಸಿತು. ಸೋಂಕಿನಿಂದ ದೂರವಿರುವ ತಿಳಿವಳಿಕೆಯನ್ನು ಎರಡೂ ಗುಂಪಿಗೆ ಕೊಟ್ಟರು.

ಮೂರನ್ನೂ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಮಧ್ಯಂತರ ಲೆಕ್ಕದಲ್ಲೇ ವ್ಯತ್ಯಾಸ ಎಷ್ಟು ನಿಚ್ಚಳವಾಗಿತ್ತೆಂದರೆ, ಕಾಯುತ್ತಿದ್ದವರನ್ನು ಇನ್ನೂ ಕಾಯಿಸುವುದು ನೈತಿಕವಲ್ಲ ಎಂದು ಮೇಲ್ವಿಚಾರಣಾ ಸಮಿತಿಗಳು ಹೇಳಿದವು. ಆರೆಂಜ್ ಫಾರ್ಮ್‌ನ ಫಲಿತಾಂಶ 2005ರಲ್ಲಿ ಬಂತು: ಸುನ್ನತಿಯಾದವರಲ್ಲಿ 20 ಸೋಂಕು, ಆಗದವರಲ್ಲಿ 49. ಉಳಿದೆರಡನ್ನು 2006ರ ಡಿಸೆಂಬರ್‌ನಲ್ಲಿ ನಿಲ್ಲಿಸಿದರು. ಕಿಸುಮುವಿನಲ್ಲಿ 22ಕ್ಕೆ 47, ರಾಕಾಯ್‌ನಲ್ಲಿ 22ಕ್ಕೆ 45. ಒಟ್ಟು 11,054 ಗಂಡಸರು. ಒಂದು ಕಡೆ 64 ಸೋಂಕು, ಇನ್ನೊಂದು ಕಡೆ 141. ಬೇರೆ ದೇಶ, ಬೇರೆ ತಂಡ, ಬೇರೆ ಜನ. ಉತ್ತರ ಮಾತ್ರ ಒಂದೇ. ವೈದ್ಯಕೀಯ ಸಂಶೋಧನೆಯಲ್ಲಿ ಇಂಥ ಹೊಂದಾಣಿಕೆ ದಿನಾ ಸಿಗುವಂಥದ್ದಲ್ಲ. ಅವಧಿಗೆ ಮುನ್ನ ನಿಲ್ಲಿಸಿದ ಪ್ರಯೋಗಗಳು ಫಲವನ್ನು ಹಿಗ್ಗಿಸಿ ತೋರಿಸುವುದುಂಟು ಎಂಬ ಟೀಕೆ ನ್ಯಾಯವಾದದ್ದೇ. ಆದರೆ ಕಿಸುಮುವಿನ ಗಂಡಸರನ್ನು ಆರು ವರ್ಷ ಹಿಂಬಾಲಿಸಿದಾಗಲೂ ರಕ್ಷಣೆ ಶೇ. 58ರಷ್ಟು ಉಳಿದಿತ್ತು.

ಹಚಿನ್ಸನ್ ಕಥೆ ಏನಾಯಿತು? ರಾಕಾಯ್‌ನಲ್ಲಿ ಸಿಫಿಲಿಸ್ಸನ್ನೂ ಲೆಕ್ಕ ಹಾಕಿದ್ದರು. ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಚೀಟಿ ಎತ್ತದೆ ಬರೀ ಗಮನಿಸಿದ ಕೆಲವು ಅಧ್ಯಯನಗಳಲ್ಲಿ ಆ ನಂತರವೂ ಸಿಫಿಲಿಸ್ ಕಡಿಮೆ ಕಂಡಿದೆ, ಆದರೆ ಪ್ರಯೋಗ ಅದಕ್ಕೆ ಬೆಂಬಲ ಕೊಟ್ಟಿಲ್ಲ. ಲಂಡನ್ನಿನಲ್ಲೂ ಪುಣೆಯಲ್ಲೂ ಒಂದೇ ತರ್ಕ, ಅಷ್ಟೇ ಜಾಣತನ. ಪರೀಕ್ಷೆಗೆ ಒಡ್ಡಿದಾಗ ಪುಣೆಯದು ಗೆದ್ದಿತು, ಲಂಡನ್ನಿನದು ಗೆಲ್ಲಲಿಲ್ಲ. ತರ್ಕ ಎಷ್ಟೇ ಚೆಂದವಿದ್ದರೂ ಅದನ್ನು ಪ್ರಯೋಗದ ಜಾಗದಲ್ಲಿ ಕೂರಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಉಳಿದ ರೋಗಗಳ ಲೆಕ್ಕ ಹೀಗಿದೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ ಸುನ್ನತಿಯಾದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ. ಅವರ ಹೆಂಡಂದಿರಲ್ಲೂ ಸ್ವಲ್ಪ ಇಳಿದದ್ದು ರಾಕಾಯ್‌ನಲ್ಲಿ ಕಂಡಿತು. ಹರ್ಪಿಸ್ ರಾಕಾಯ್‌ನಲ್ಲಿ ಇಳಿಯಿತು, ಕಿಸುಮುವಿನಲ್ಲಿ ಇಳಿಯಲಿಲ್ಲ. ಗೊನೊರಿಯಾ, ಕ್ಲಮೈಡಿಯಾಗಳಿಗೆ ಕಿಸುಮುವಿನಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ‘ಸುನ್ನತಿಯಾದರೆ ಗುಹ್ಯರೋಗಗಳೇ ಬರುವುದಿಲ್ಲ’ ಎಂಬ ಮಾತಿಗೆ ಆಧಾರವಿಲ್ಲ.

ಎಚ್‌ಐವಿಯನ್ನೇ ಹೆಚ್ಚಾಗಿ ತಡೆಯುವುದೇಕೆ? ಮುಂದೊಗಲಿನ ಒಳಮೈ ಮೆತ್ತಗೆ, ತೇವವಾಗಿರುತ್ತದೆ. ಎಚ್‌ಐವಿ ಯಾವ ರೋಗನಿರೋಧಕ ಕೋಶಗಳಿಗೆ ಲಗ್ಗೆ ಹಾಕುತ್ತದೋ ಅವೇ ಅಲ್ಲಿ ದಟ್ಟವಾಗಿವೆ. ಆ ತೊಗಲಿನಡಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳೂ ನೆಲೆಸಿರುತ್ತವೆ. ಅವು ಉರಿಯೂತ ಎಬ್ಬಿಸಿ ಆ ಕೋಶಗಳನ್ನು ಇನ್ನಷ್ಟು ಮೇಲಕ್ಕೆ ಕರೆತರುತ್ತವೆ. ತೊಗಲು ಹೋದರೆ ವೈರಸ್ಸಿಗೆ ಸುಲಭದ ಬಾಗಿಲೊಂದು ಮುಚ್ಚುತ್ತದೆ. ಬೇರೆ ಬಾಗಿಲುಗಳು ತೆರೆದೇ ಇರುತ್ತವೆ.

ಇಲ್ಲಿ ಹೆಂಗಸರ ವಿಚಾರ ಹೇಳಲೇಬೇಕು. ಎಚ್‌ಐವಿ ಈಗಾಗಲೇ ಇರುವ ಗಂಡಸಿಗೆ ಸುನ್ನತಿ ಮಾಡಿದರೆ ಹೆಂಡತಿಗೆ ರಕ್ಷಣೆ ಸಿಗುತ್ತದೆಯೇ ಎಂದೂ ರಾಕಾಯ್‌ನಲ್ಲಿ ಪರೀಕ್ಷಿಸಿದರು. 2009ರಲ್ಲಿ ಬಂದ ಉತ್ತರ: ಇಲ್ಲ. ಸುನ್ನತಿಯಾದವರ ಹೆಂಡಂದಿರಲ್ಲಿ ಶೇ. 18, ಆಗದವರ ಹೆಂಡಂದಿರಲ್ಲಿ ಶೇ. 12 ಮಂದಿಗೆ ಸೋಂಕು ತಗುಲಿತ್ತು. ಸಂಖ್ಯೆ ಚಿಕ್ಕದಾದ್ದರಿಂದ ‘ಸುನ್ನತಿ ಹಾನಿ ಮಾಡಿತು’ ಎನ್ನಲಾಗದು, ‘ಕಾಪಾಡಿತು’ ಎನ್ನಲಂತೂ ಸಾಧ್ಯವೇ ಇಲ್ಲ. ಗಾಯ ಮಾಯುವ ಮೊದಲೇ ಕೂಡಿದರೆ ಅಪಾಯ ಹೆಚ್ಚು ಎಂಬ ಎಚ್ಚರಿಕೆಯೂ ಸಿಕ್ಕಿತು. ಅದಕ್ಕೇ ಆರು ವಾರ ದೂರವಿರಿ ಎನ್ನುತ್ತಾರೆ.

2007ರ ಶಿಫಾರಸಿನ ನಂತರ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳಲ್ಲಿ ಎರಡೂವರೆ ಕೋಟಿಗೂ ಹೆಚ್ಚು ಗಂಡಸರು ಸುನ್ನತಿ ಮಾಡಿಸಿಕೊಂಡಿದ್ದಾರೆ. ಕಿಸುಮು ಸೀಮೆಯ ಲುವೋ ಜನರಲ್ಲಿ ಸುನ್ನತಿಯ ಸಂಪ್ರದಾಯವಿರಲಿಲ್ಲ. ಪ್ರಾಯಕ್ಕೆ ಬಂದ ಗುರುತಾಗಿ ಕೆಳಗಿನ ಆರು ಹಲ್ಲು ಕೀಳಿಸುವುದು ಅವರ ಹಳೆಯ ರೂಢಿ. ಸುನ್ನತಿಯಾಗಿಲ್ಲ ಎಂದು ನೆರೆಯ ಬುಡಕಟ್ಟುಗಳು ಅವರನ್ನು ಆಡಿಕೊಳ್ಳುತ್ತಿದ್ದವು, ರಾಜಕೀಯದಲ್ಲೂ ಅದನ್ನು ಬಳಸುತ್ತಿದ್ದವು. ಅಂಥಲ್ಲಿ 2008ರಲ್ಲಿ, ಆಗ ಪ್ರಧಾನಿಯಾಗಿದ್ದ ಲುವೋ ನಾಯಕ ರೈಲಾ ಒಡಿಂಗಾ ಬಹಿರಂಗವಾಗಿ ಬೆಂಬಲಿಸಿದ ಮೇಲೆ ಕಾರ್ಯಕ್ರಮ ವೇಗ ಪಡೆಯಿತು. ಒಳ್ಳೆಯ ಪ್ರಯೋಗವನ್ನೂ ಜನರ ಮನೆಯೊಳಗೆ ತಲುಪಿಸುವುದು ಕೊನೆಗೆ ಅವರವರ ಹಿರಿಯರೇ.

ಶ್ರೀಮಂತ ದೇಶಗಳಲ್ಲಿ ಚಿತ್ರ ಬೇರೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಐದೂವರೆ ಲಕ್ಷಕ್ಕೂ ಹೆಚ್ಚು ಗಂಡಸರ ದಾಖಲೆ ನೋಡಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುನ್ನತಿಗೂ ಎಚ್‌ಐವಿಗೂ ಸಂಬಂಧ ಕಾಣಲಿಲ್ಲ. ಅದೇ ವರ್ಷ ಡೆನ್ಮಾರ್ಕಿನಿಂದ ಬಂದ ಅಧ್ಯಯನದಲ್ಲೂ ರಕ್ಷಣೆ ಕಾಣಲಿಲ್ಲ. ಆಶ್ಚರ್ಯವೇನಿಲ್ಲ. ಅಲ್ಲಿ ಸೋಂಕೇ ವಿರಳ, ಹರಡುವ ದಾರಿಯೂ ಬಹುಮಟ್ಟಿಗೆ ಬೇರೆ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2012ರಲ್ಲಿ ‘ಲಾಭ ಅಪಾಯಕ್ಕಿಂತ ಹೆಚ್ಚು, ಆದರೂ ಎಲ್ಲ ಶಿಶುಗಳಿಗೂ ಮಾಡಿ ಎನ್ನುವಷ್ಟಲ್ಲ’ ಎಂಬ ನಿಲುವು ತಳೆದಾಗ, ಯುರೋಪಿನ ವೈದ್ಯರ ಗುಂಪೊಂದು ‘ಇದು ನಿಮ್ಮ ಸಂಸ್ಕೃತಿಯ ಪಕ್ಷಪಾತ’ ಎಂದು ಮುಖಕ್ಕೆ ಹೇಳಿತು.

ನಮ್ಮಲ್ಲೂ ಈ ವಿಚಾರ ಸುಳಿದುಹೋಗಿದೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೈಸೂರಿನ ತಾಯಂದಿರನ್ನು ಮಾತನಾಡಿಸಿತ್ತು. ಲಾಭ–ಅಪಾಯ ವಿವರಿಸಿದ ಮೇಲೆ, ಆಸ್ಪತ್ರೆಯಲ್ಲಿ ಸುರಕ್ಷಿತವಾಗಿ, ಉಚಿತವಾಗಿ ಮಾಡುವುದಾದರೆ ಮಗನಿಗೆ ಮಾಡಿಸುತ್ತೇವೆ ಎಂದವರೇ ಹೆಚ್ಚು, ಹಿಂದೂ ತಾಯಂದಿರೂ ಸೇರಿ! ಜನ ನಾವು ಅಂದುಕೊಂಡಷ್ಟು ಹಟಮಾರಿಗಳಲ್ಲ. ಆದರೂ ಇಲ್ಲಿ ಅದರ ಅಗತ್ಯವಿದೆಯೇ ಎಂಬುದು ಬೇರೆ ಪ್ರಶ್ನೆ. ಕಿಸುಮುವಿನಲ್ಲಿ ಎರಡು ವರ್ಷದಲ್ಲಿ ನೂರಕ್ಕೆ ನಾಲ್ವರಿಗೆ ತಗಲುತ್ತಿದ್ದ ಸೋಂಕು ಇಬ್ಬರಿಗೆ ಇಳಿಯಿತು. ಭಾರತದಲ್ಲಿ ವಯಸ್ಕರ ಪೈಕಿ ಎಚ್‌ಐವಿ ಇರುವವರೇ ಸುಮಾರು ಶೇ. 0.2. ಅಷ್ಟು ಸಣ್ಣ ಅಪಾಯವನ್ನು ಅರ್ಧ ಮಾಡಲು ಕೋಟ್ಯಂತರ ಗಂಡಸರಿಗೆ ಶಸ್ತ್ರಚಿಕಿತ್ಸೆ ಮಾಡುವುದು ಲೆಕ್ಕಕ್ಕೆ ಕೂರುವುದಿಲ್ಲ. ಸೋಂಕಿತರಿಗೆ ಬೇಗ ಔಷಧ ಶುರುಮಾಡಿದರೆ ಸಂಗಾತಿಗೆ ದಾಟುವುದು ಶೇ. 90ಕ್ಕೂ ಮೀರಿ ತಗ್ಗುತ್ತದೆ ಎಂದು 2011ರಲ್ಲೇ ಸಾಬೀತಾಗಿದೆ. ಆ ಪ್ರಯೋಗದಲ್ಲಿ ಚೆನ್ನೈ, ಪುಣೆಗಳ ಜೋಡಿಗಳೂ ಇದ್ದವು.

ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ: ಧರ್ಮದ ಕಾರಣಕ್ಕೆ ಅಥವಾ ಮುಂದೊಗಲು ಬಿಗಿಯಾಗಿ ಸುನ್ನತಿಯಾಗಿದ್ದರೆ ಸಂತೋಷ, ಆಗಿಲ್ಲದಿದ್ದರೆ ಎಚ್‌ಐವಿಗೆ ಹೆದರಿ ಮಾಡಿಸಿಕೊಳ್ಳಬೇಕಿಲ್ಲ. ಆಗಿದೆ ಎಂದು ಕಾಂಡೋಮ್ ಬಿಡುವ ಹಾಗಂತೂ ಇಲ್ಲ. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟು ಕಾಪಾಡುತ್ತಾರೆ. ಕೇಳಲು ಸಂಕೋಚವಾದರೆ 1097ಕ್ಕೆ ಕರೆ ಮಾಡಿ, ಅದಕ್ಕೂ ಕಾಸಿಲ್ಲ.