ಹಾರ್ಟ್ ಗೇಟ್‌ವೇ

ಹಾರ್ಟ್ ಗೇಟ್‌ವೇ ಎಂಬುದು ಕಾರ್ಖಾನೆಯ ಕೊಳವೆ, ತೊಟ್ಟಿ, ಬಾಯ್ಲರ್ ಮುಂತಾದವುಗಳ ಮೇಲೆ ಅಳವಡಿಸಿದ ಮಾಪನ ಉಪಕರಣಗಳನ್ನು ನಿಯಂತ್ರಣ ಕೊಠಡಿಯ ಈಥರ್ನೆಟ್ ಜಾಲಕ್ಕೆ ಜೋಡಿಸುವ ಸಾಧನ. ಉಪಕರಣಗಳು ಹಾರ್ಟ್ ಎಂಬ ಸಂವಹನ ನಿಯಮಾವಳಿಯಲ್ಲಿ ನೀಡುವ ಮಾಹಿತಿಯನ್ನು ಇದು ಓದಿ, ನಿಯಂತ್ರಣ ಗಣಕಗಳಿಗೆ ತಿಳಿಯುವ ಮಾಡ್‌ಬಸ್ ಟಿಸಿಪಿಯಂತಹ ಬೇರೊಂದು ನಿಯಮಾವಳಿಗೆ ಪರಿವರ್ತಿಸುತ್ತದೆ. ಇದರದು ದುಭಾಷಿಯ ಕೆಲಸ. ಎರಡೂ ಕಡೆಯವರು ಸರಿಯಾಗಿ ನುಡಿದರೂ ದುಭಾಷಿ ಎಡವಿದರೆ ಅರ್ಥ ಕೆಡುತ್ತದೆ.

ಹಿನ್ನೆಲೆ

ಒತ್ತಡ, ಉಷ್ಣತೆ, ಮಟ್ಟ, ಹರಿವು ಇವುಗಳ ಅಳತೆಯನ್ನು 4ರಿಂದ 20 ಮಿಲಿಆಂಪಿಯರ್‌ವರೆಗಿನ ವಿದ್ಯುತ್ ಪ್ರವಾಹದ ಮೂಲಕ ತಿಳಿಸುವ ಪದ್ಧತಿ ದಶಕಗಳಿಂದ ರೂಢಿಯಲ್ಲಿದೆ. ಅಳತೆಯ ಕನಿಷ್ಠ ಮಿತಿಗೆ 4, ಗರಿಷ್ಠ ಮಿತಿಗೆ 20. ಕನಿಷ್ಠವನ್ನು ಸೊನ್ನೆಯಲ್ಲಿಡದೆ 4ರಲ್ಲಿ ಇಟ್ಟಿರುವುದು ಜಾಣತನದ ಏರ್ಪಾಡು. ತಂತಿ ತುಂಡಾದರೆ ಪ್ರವಾಹ ಸೊನ್ನೆಗಿಳಿಯುತ್ತದೆ. ಅಳತೆ ಕಡಿಮೆಯಾಗಿದೆಯೋ ಅಥವಾ ಅಳತೆಯೇ ಬರುತ್ತಿಲ್ಲವೋ ಎಂಬುದು ಕೂಡಲೇ ತಿಳಿಯುತ್ತದೆ.

1980ರ ದಶಕದಲ್ಲಿ ಅಮೆರಿಕದ ರೋಸ್‌ಮೌಂಟ್ ಸಂಸ್ಥೆಯು ಇದೇ ತಂತಿಯ ಮೇಲೆ ಅಂಕೀಯ ಮಾಹಿತಿಯನ್ನೂ ಸಾಗಿಸುವ ಹಾರ್ಟ್ ನಿಯಮಾವಳಿಯನ್ನು ರೂಪಿಸಿತು. ಇದರಲ್ಲಿ 1 ಎಂಬ ಅಂಕಿಯನ್ನು 1200 ಹರ್ಟ್ಸ್, 0 ಎಂಬುದನ್ನು 2200 ಹರ್ಟ್ಸ್ ಆವರ್ತನದ ಕಿರು ಅಲೆಗಳು ಸೂಚಿಸುತ್ತವೆ. ಅಲೆಗಳ ಸರಾಸರಿ ಸೊನ್ನೆಯಾದ್ದರಿಂದ ಮೂಲ ಪ್ರವಾಹಕ್ಕೆ ಬಾಧೆಯಿಲ್ಲ. ಹಳೆಯ ತಂತಿಯನ್ನು ಕೀಳಬೇಕಾದ ಅಗತ್ಯವಿಲ್ಲದಿರುವುದು ಹಾರ್ಟ್‌ನ ವ್ಯಾಪಕ ಬಳಕೆಗೆ ಮುಖ್ಯ ಕಾರಣ.

ಕಾರ್ಯವಿಧಾನ

ಹಾರ್ಟ್‌ನ ವೇಗ ಸೆಕೆಂಡಿಗೆ 1200 ಬಿಟ್ ಮಾತ್ರ. ಒಂದು ಸೆಕೆಂಡಿನಲ್ಲಿ ಎರಡು ಮೂರು ಪ್ರಶ್ನೋತ್ತರಗಳಷ್ಟೇ ಸಾಧ್ಯ. ಸಾಮಾನ್ಯ ಈಥರ್ನೆಟ್ ಜಾಲದ ವೇಗವಾದರೋ ಸೆಕೆಂಡಿಗೆ 10 ಕೋಟಿ ಬಿಟ್. ಈ ಅಂತರವನ್ನು ತುಂಬಲು ಗೇಟ್‌ವೇ ಉಪಕರಣಗಳನ್ನು ಒಂದೊಂದಾಗಿ ವಿಚಾರಿಸಿ, ಉತ್ತರಗಳನ್ನು ತನ್ನ ಸ್ಮೃತಿಯ ಕೋಷ್ಟಕದಲ್ಲಿ ಬರೆದಿಡುತ್ತದೆ. ನಿಯಂತ್ರಣ ಗಣಕ ಓದುವುದು ಈ ಕೋಷ್ಟಕವನ್ನು. ಒಂದೇ ಮೋಡೆಮ್ 16 ಉಪಕರಣಗಳನ್ನು ಸರದಿಯಲ್ಲಿ ವಿಚಾರಿಸುವಂತಿದ್ದರೆ ಒಂದು ಸುತ್ತಿಗೆ ಐದರಿಂದ ಎಂಟು ಸೆಕೆಂಡು ಹಿಡಿಯುತ್ತದೆ. ಆದ್ದರಿಂದ ಶೀಘ್ರ ನಿಯಂತ್ರಣಕ್ಕೆ ಇಂದಿಗೂ 4–20 ಪ್ರವಾಹವನ್ನೇ ನೆಚ್ಚಿಕೊಂಡು, ಉಪಕರಣದ ಆರೋಗ್ಯ ಹಾಗೂ ಹೆಚ್ಚುವರಿ ಅಳತೆಗಳನ್ನು ತಿಳಿಯಲು ಗೇಟ್‌ವೇಯನ್ನು ಬಳಸುವುದು ವಾಡಿಕೆ.

ಪರಿವರ್ತನೆಯ ತೊಡಕುಗಳು

ಹಾರ್ಟ್ ಅಳತೆಯನ್ನು 32 ಬಿಟ್‌ಗಳ ದಶಾಂಶ ಸಂಖ್ಯೆಯಾಗಿ ಕಳುಹಿಸುತ್ತದೆ. ಮಾಡ್‌ಬಸ್‌ನ ಒಂದು ರಿಜಿಸ್ಟರ್‌ನಲ್ಲಿ ಹಿಡಿಯುವುದು 16 ಬಿಟ್ ಮಾತ್ರ. ಹೀಗಾಗಿ ಸಂಖ್ಯೆಯನ್ನು ಎರಡು ಹೋಳು ಮಾಡಬೇಕಾಗುತ್ತದೆ. ಯಾವ ಹೋಳು ಮೊದಲು ಎಂಬುದನ್ನು ಗೇಟ್‌ವೇ ಒಂದು ಬಗೆಯಲ್ಲಿ, ಗಣಕ ಇನ್ನೊಂದು ಬಗೆಯಲ್ಲಿ ತಿಳಿದರೆ 25.3 ಡಿಗ್ರಿ ಉಷ್ಣತೆ 24 ಅಂಕಿಗಳ ಬೃಹತ್ ಸಂಖ್ಯೆಯಾಗಿ ಕಾಣುತ್ತದೆ. ಅಂತಹ ತಪ್ಪನ್ನು ಯಾರಾದರೂ ಗುರುತಿಸಬಲ್ಲರು. ಆದರೆ ಸರಿಯಾಗಿ 25 ಡಿಗ್ರಿ ಇದ್ದಾಗ ಅದೇ ಅದಲುಬದಲಿನಿಂದ ಪರದೆಯ ಮೇಲೆ ಮೂಡುವುದು ಸೊನ್ನೆ. ಸೊನ್ನೆಯನ್ನು ನಂಬುವವರಿರುತ್ತಾರೆ.

ಮಾನಗಳದು ಮತ್ತೊಂದು ತೊಡಕು. ಹಾರ್ಟ್ ಸಂದೇಶದಲ್ಲಿ ಸಂಖ್ಯೆಯ ಜೊತೆಗೆ ಅದರ ಮಾನದ ಸಂಕೇತವೂ ಇರುತ್ತದೆ: ಬಾರ್‌ಗೆ 7, ಕಿಲೋಪಾಸ್ಕಲ್‌ಗೆ 12. ಮಾಡ್‌ಬಸ್‌ನಲ್ಲಿ ಸಂಖ್ಯೆಗೆ ಮಾನವನ್ನು ಅಂಟಿಸುವ ವ್ಯವಸ್ಥೆಯಿಲ್ಲ. ತಂತ್ರಜ್ಞರೊಬ್ಬರು ಕೈಯುಪಕರಣದಿಂದ ಮಾನವನ್ನು ಬಾರ್‌ನಿಂದ ಕಿಲೋಪಾಸ್ಕಲ್‌ಗೆ ಬದಲಿಸಿದರೆ, ಪ್ರವಾಹದಲ್ಲಿ ವ್ಯತ್ಯಾಸವಿಲ್ಲದೆಯೇ ಗಣಕದಲ್ಲಿನ ಸಂಖ್ಯೆ ನೂರು ಪಟ್ಟಾಗುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಹಳಸಿದ ಅಳತೆ. ಉಪಕರಣ ಮೌನವಾದಾಗ ಗೇಟ್‌ವೇ ಕೊನೆಯ ಉತ್ತರವನ್ನೇ ಕೋಷ್ಟಕದಲ್ಲಿ ಉಳಿಸಿಕೊಂಡಿದ್ದರೆ ಗಣಕಕ್ಕೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ತುಂಡಾದ ತಂತಿಯನ್ನು ಕೂಡಲೇ ಸಾರುತ್ತಿದ್ದ ಹಳೆಯ ಏರ್ಪಾಡಿನ ಗುಣ ಇಲ್ಲಿ ಕಳೆದುಹೋಗುತ್ತದೆ. ಇದನ್ನು ತಪ್ಪಿಸಲು ಪ್ರತಿ ಅಳತೆಯ ಜೊತೆಗೆ ಸ್ಥಿತಿಸೂಚಕವನ್ನೂ ಓದಬೇಕು. ಉತ್ತರ ನಿಂತಾಗ ಸಂಖ್ಯೆಯನ್ನು ಅಮಾನ್ಯಗೊಳಿಸುವಂತೆ ಗೇಟ್‌ವೇಯನ್ನು ಹೊಂದಿಸಬೇಕು.

ಭದ್ರತೆ

ಮಾಡ್‌ಬಸ್ ಟಿಸಿಪಿಯ ಮೂಲರೂಪದಲ್ಲಿ ಕೇಳುವವರು ಯಾರೆಂದು ಪರೀಕ್ಷಿಸುವ ಕ್ರಮವಿಲ್ಲ. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಸಂಸ್ಥೆಗಳ ಮೇಲೆ ಗಣಕದಾಳಿ ನಡೆದು, ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ ಕಡಿತವಾಯಿತು. ದಾಳಿಕೋರರು ಉಪಕೇಂದ್ರಗಳಲ್ಲಿದ್ದ, ಸೀರಿಯಲ್ ಸಂಪರ್ಕವನ್ನು ಈಥರ್ನೆಟ್‌ಗೆ ಬದಲಿಸುವ ಪರಿವರ್ತಕಗಳ ಒಳತಂತ್ರಾಂಶವನ್ನೂ ಅಳಿಸಿ ಬರೆದರು. ಅವು ಹಾರ್ಟ್ ಸಾಧನಗಳಲ್ಲವಾದರೂ ಮಧ್ಯವರ್ತಿಯ ಸ್ಥಾನ ಒಂದೇ. ದೂರದಿಂದ ನಿಯಂತ್ರಿಸುವ ದಾರಿ ಮುಚ್ಚಿದ್ದರಿಂದ ಸಿಬ್ಬಂದಿ ಉಪಕೇಂದ್ರಗಳಿಗೇ ಹೋಗಿ ಸ್ವಿಚ್ಚುಗಳನ್ನು ಕೈಯಿಂದ ಹಾಕಿ, ಕೆಲವು ಗಂಟೆಗಳಲ್ಲಿ ವಿದ್ಯುತ್ ಮರಳಿಸಿದರು. ಹಾರ್ಟ್ ಉಪಕರಣಗಳ ವಿಷಯದಲ್ಲಿ, ಅನೇಕ ಟ್ರಾನ್ಸ್‌ಮಿಟರ್‌ಗಳಲ್ಲಿ ಹೊರಗಿನಿಂದ ಬದಲಾವಣೆ ಆಗದಂತೆ ತಡೆಯುವ ಪುಟ್ಟ ಸ್ವಿಚ್ ಒಂದಿರುತ್ತದೆ.

ಪರ್ಯಾಯಗಳು

ಹಾರ್ಟ್ ಸಂದೇಶವನ್ನು ಒಡೆಯದೆ ಇಡಿಯಾಗಿಯೇ ಈಥರ್ನೆಟ್ ಮೂಲಕ ಸಾಗಿಸುವ ಹಾರ್ಟ್-ಐಪಿ ವಿಧಾನದಲ್ಲಿ ಮಾನವೂ ಸ್ಥಿತಿಸೂಚಕವೂ ಉಳಿದುಬರುತ್ತವೆ. 2021ರಲ್ಲಿ ಪರಿಚಯಿಸಲಾದ ಈಥರ್ನೆಟ್-ಎಪಿಎಲ್ ಎರಡೇ ತಂತಿಗಳಲ್ಲಿ 1000 ಮೀಟರ್‌ವರೆಗೆ, ಸೆಕೆಂಡಿಗೆ ಒಂದು ಕೋಟಿ ಬಿಟ್ ವೇಗದಲ್ಲಿ ಈಥರ್ನೆಟ್ಟನ್ನು ಉಪಕರಣದ ಬಳಿಗೇ ಒಯ್ಯುತ್ತದೆ. ಅಂತಹ ಉಪಕರಣಕ್ಕೆ ಹಾರ್ಟ್ ಗೇಟ್‌ವೇ ಬೇಕಿಲ್ಲ.