ಆಪ್ಟಿಕಲ್ ಡಿಸ್ಕ್‌ಗಳ ಸಾಮರ್ಥ್ಯ ಮತ್ತು ಚಲನಚಿತ್ರ ಕಡತಗಳ ಗಾತ್ರ

ಆಪ್ಟಿಕಲ್ ಡಿಸ್ಕ್ ಎಂಬುದು ಲೇಸರ್ ಕಿರಣದ ನೆರವಿನಿಂದ ದತ್ತಾಂಶವನ್ನು ಓದಬಹುದಾದ ದುಂಡನೆಯ ತಟ್ಟೆ. ಸಿಡಿ, ಡಿವಿಡಿ ಮತ್ತು ಬ್ಲೂ-ರೇ ಇದರ ಮುಖ್ಯ ಬಗೆಗಳು. ಮೂರರ ವ್ಯಾಸವೂ ಸಾಮಾನ್ಯವಾಗಿ 12 ಸೆಂಟಿಮೀಟರ್ ಆಗಿದ್ದರೂ ಸಾಮರ್ಥ್ಯದಲ್ಲಿ ಬಹಳ ವ್ಯತ್ಯಾಸವಿದೆ. ಒಂದು ಚಲನಚಿತ್ರವು ಡಿಸ್ಕ್‌ನಲ್ಲಿ ಹಿಡಿಸುವುದೇ ಎಂಬುದು ಡಿಸ್ಕ್‌ನ ಸಾಮರ್ಥ್ಯ, ಚಿತ್ರದ ಅವಧಿ ಮತ್ತು ಬಿಟ್ ದರಗಳನ್ನು ಅವಲಂಬಿಸಿದೆ.

ಡಿಸ್ಕ್‌ನ ಸಾಮರ್ಥ್ಯ

ಮುದ್ರಿತ ಡಿಸ್ಕ್‌ನಲ್ಲಿ ದತ್ತಾಂಶವು ಸುರುಳಿಯಾಕಾರದ ಸಾಲಿನಲ್ಲಿ ಸೂಕ್ಷ್ಮ ಕುಳಿಗಳ ರೂಪದಲ್ಲಿರುತ್ತದೆ. ಲೇಸರ್‌ನ ತರಂಗಾಂತರ ಕಡಿಮೆಯಾದಷ್ಟೂ ಕಿರಣವನ್ನು ಹೆಚ್ಚು ಕಿರಿದಾದ ಬಿಂದುವಿಗೆ ಕೇಂದ್ರೀಕರಿಸಬಹುದು. ಇದರಿಂದ ಕುಳಿಗಳನ್ನು ಚಿಕ್ಕದಾಗಿಯೂ ಸಾಲುಗಳನ್ನು ಒತ್ತೊತ್ತಾಗಿಯೂ ಮೂಡಿಸಲು ಸಾಧ್ಯವಾಗುತ್ತದೆ.

- ಸಿಡಿ (1982): ತರಂಗಾಂತರ 780 ನ್ಯಾನೋಮೀಟರ್, ಸಾಲುಗಳ ಅಂತರ 1.6 ಮೈಕ್ರೋಮೀಟರ್, ಸಾಮರ್ಥ್ಯ 650–700 ಎಂಬಿ.
- ಡಿವಿಡಿ (1996): 650 ನ್ಯಾನೋಮೀಟರ್, 0.74 ಮೈಕ್ರೋಮೀಟರ್, ಒಂದು ಪದರಕ್ಕೆ 4.7 ಜಿಬಿ, ಎರಡು ಪದರಗಳಿದ್ದರೆ 8.5 ಜಿಬಿ.
- ಬ್ಲೂ-ರೇ (2006): 405 ನ್ಯಾನೋಮೀಟರ್, 0.32 ಮೈಕ್ರೋಮೀಟರ್, ಒಂದು ಪದರಕ್ಕೆ 25 ಜಿಬಿ, ಎರಡಕ್ಕೆ 50 ಜಿಬಿ.

ಕಡತದ ಗಾತ್ರ

ಪ್ರತಿ ಸೆಕೆಂಡಿಗೆ ಬಳಕೆಯಾಗುವ ಬಿಟ್‌ಗಳ ಸಂಖ್ಯೆಯೇ ಬಿಟ್ ದರ. ಇದನ್ನು ಅವಧಿಯಿಂದ ಗುಣಿಸಿ, 8ರಿಂದ ಭಾಗಿಸಿದರೆ ಕಡತದ ಗಾತ್ರವು ಬೈಟ್‌ಗಳಲ್ಲಿ ದೊರೆಯುತ್ತದೆ. ಉದಾಹರಣೆಗೆ, 150 ನಿಮಿಷಗಳ, ಅಂದರೆ 9,000 ಸೆಕೆಂಡುಗಳ ಚಿತ್ರಕ್ಕೆ ಧ್ವನಿಯೂ ಸೇರಿ ಸರಾಸರಿ 4 ಮೆಗಾಬಿಟ್ ದರವಿದ್ದರೆ ಗಾತ್ರ 4.5 ಜಿಬಿ ಆಗುತ್ತದೆ. ಇದು ಒಂದು ಪದರದ ಡಿವಿಡಿಯಲ್ಲಿ ಹಿಡಿಸುತ್ತದೆ. ದರ 5 ಮೆಗಾಬಿಟ್‌ಗೆ ಏರಿದರೆ ಗಾತ್ರ ಸುಮಾರು 5.6 ಜಿಬಿ ಆಗಿ, ಎರಡು ಪದರಗಳ ಡಿಸ್ಕ್ ಬೇಕಾಗುತ್ತದೆ.

ಸಂಕೋಚನದ ಅಗತ್ಯ

1920×1080 ಪಿಕ್ಸೆಲ್‌ಗಳ, ಪಿಕ್ಸೆಲ್‌ಗೆ 3 ಬೈಟ್‌ನಂತೆ ಸೆಕೆಂಡಿಗೆ 24 ಚಿತ್ರಿಕೆಗಳಿರುವ ದೃಶ್ಯವನ್ನು ಸಂಕೋಚಿಸದೆ ಇಟ್ಟರೆ ಪ್ರತಿ ಸೆಕೆಂಡಿಗೆ ಸುಮಾರು 149 ಎಂಬಿ ಬೇಕು. ಮೇಲಿನ ಅವಧಿಯ ಚಿತ್ರಕ್ಕೆ ಇದು ಸುಮಾರು 1,344 ಜಿಬಿ ಆಗುತ್ತದೆ. ಅಂದರೆ ಒಂದು ಪದರದ 54 ಬ್ಲೂ-ರೇ ಡಿಸ್ಕ್‌ಗಳು. ಆದ್ದರಿಂದ ಒಂದು ಚಿತ್ರಿಕೆಯಿಂದ ಮುಂದಿನದಕ್ಕೆ ಬದಲಾಗದ ಭಾಗಗಳನ್ನು ಮತ್ತೆ ಮತ್ತೆ ದಾಖಲಿಸದೆ, ಕಣ್ಣಿಗೆ ಅಷ್ಟಾಗಿ ಗೋಚರಿಸದ ವಿವರಗಳನ್ನು ಕೈಬಿಟ್ಟು ಗಾತ್ರವನ್ನು ತಗ್ಗಿಸಲಾಗುತ್ತದೆ.

1993ರ ವಿಸಿಡಿಯಲ್ಲಿ ಎಂಪೆಗ್-1 ವಿಧಾನದಿಂದ ಒಂದು ಸಿಡಿಗೆ ಸುಮಾರು 74 ನಿಮಿಷಗಳ ದೃಶ್ಯ ಹಿಡಿಸುತ್ತಿತ್ತು. ಹೀಗಾಗಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ದೀರ್ಘ ಚಿತ್ರಗಳು ಎರಡು ಅಥವಾ ಮೂರು ಡಿಸ್ಕ್‌ಗಳಲ್ಲಿ ಬರುತ್ತಿದ್ದವು. ಡಿವಿಡಿಯಲ್ಲಿ ಮುಖ್ಯವಾಗಿ ಎಂಪೆಗ್-2, ಬ್ಲೂ-ರೇಯಲ್ಲಿ ಎಚ್.264 ಮುಂತಾದ ವಿಧಾನಗಳು ಬಳಕೆಯಲ್ಲಿವೆ.

ಎಣಿಕೆಯ ವ್ಯತ್ಯಾಸ

ಡಿವಿಡಿ ತಯಾರಕರು 1 ಜಿಬಿಯನ್ನು 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯು 107,37,41,824 ಬೈಟ್‌ಗಳನ್ನು 1 ಜಿಬಿ ಎಂದು ತೋರಿಸುತ್ತದೆ. ಹೀಗಾಗಿ 4.7 ಜಿಬಿಯ ಡಿವಿಡಿ ಗಣಕದಲ್ಲಿ ಸುಮಾರು 4.38 ಜಿಬಿ ಎಂದು ಕಾಣಿಸುತ್ತದೆ. ಇದು ಡಿಸ್ಕ್‌ನ ದೋಷವಲ್ಲ. ಆದರೆ ಗಣಕವು 4.5 ಜಿಬಿ ಎಂದು ತೋರಿಸುವ ಕಡತದಲ್ಲಿ 483 ಕೋಟಿ ಬೈಟ್‌ಗಳಿರುವುದರಿಂದ ಅದು ಅಂತಹ ಡಿಸ್ಕ್‌ನಲ್ಲಿ ಹಿಡಿಸುವುದಿಲ್ಲ.