ಜಗಲಿಯ ಮರಮುಟ್ಟುಗಳ ಸಂರಕ್ಷಣೆ

ಮಲೆನಾಡಿನ ಮನೆಗಳಲ್ಲಿ ನೆಂಟರು ಕೂರುವುದು, ಅಡಿಕೆ ಸುಲಿಯುವುದು, ಮಳೆಗಾಲದ ಹಗಲು ಕಳೆಯುವುದು ಎಲ್ಲವೂ ಜಗಲಿಯಲ್ಲಿಯೇ. ಮಾಡಿನ ಭಾರ ಹೊರುವ ಕಂಬಗಳೂ ಅಲ್ಲಿಯೇ ಇರುತ್ತವೆ. ತೀರ್ಥಹಳ್ಳಿ ತಾಲ್ಲೂಕಿನ ಕೋಣಂದೂರು ಸುತ್ತಮುತ್ತ, ಹಾಗೆಯೇ ಹೊಸನಗರ ಮತ್ತು ಸಾಗರ ತಾಲ್ಲೂಕುಗಳಲ್ಲಿ, ಹಳೆಯ ಮನೆಗಳ ಕಂಬ, ತೊಲೆ, ದಳಿಗಳನ್ನು ಹಲಸು, ಮತ್ತಿ, ಹೊನ್ನೆಯಂತಹ ಮರಗಳಿಂದ ಮಾಡಿರುವುದನ್ನು ಕಾಣಬಹುದು. ಅಷ್ಟು ದಪ್ಪದ ಮರ ಈಗ ದುರ್ಲಭ. ಸ್ವಂತ ಹಿಡುವಳಿಯಲ್ಲಿದ್ದರೂ ಅನೇಕ ಜಾತಿಯ ಮರಗಳನ್ನು ಕಡಿಯಲು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಆದ್ದರಿಂದ ಇರುವ ಮರವನ್ನು ಉಳಿಸಿಕೊಳ್ಳುವುದೇ ಜಾಣತನ.

ಮಳೆ ಹಿಡಿಯುವ ಮುನ್ನ ಅವಸರದಲ್ಲಿ ಬಣ್ಣ ಬಳಿದು ಕೆಲಸ ಮುಗಿಯಿತೆಂದು ಭಾವಿಸುವ ರೂಢಿ ಇದೆ. ಆದರೆ ಒಳಗೆ ತೇವವಿರುವ ಮರಕ್ಕೆ ದಪ್ಪನಾಗಿ ಬಣ್ಣ ಬಳಿದರೆ ರಕ್ಷಣೆಯ ಬದಲು ಹಾನಿಯೇ ಆಗುತ್ತದೆ.

ಮರ ಕೆಡುವುದೇಕೆ?

ಮರ ಕೊಳೆಯುವುದು ಶಿಲೀಂಧ್ರಗಳಿಂದ. ಮರದ ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಅವು ಬೆಳೆಯಲಾರವು. ಒಮ್ಮೆ ನೆನೆದು ಬೇಗ ಒಣಗಿದ ಮರ ಕೆಡುವುದಿಲ್ಲ; ನೆನೆದು ಒಣಗದೇ ಉಳಿದ ಮರ ಕೆಡುತ್ತದೆ. ಮರದ ಅಗಲ ಮುಖಕ್ಕಿಂತ ಕೊಯ್ದ ತುದಿಗಳು ಹಲವು ಪಟ್ಟು ವೇಗವಾಗಿ ನೀರು ಹೀರುತ್ತವೆ. ಹೀಗಾಗಿ ಕಂಬದ ಬುಡ, ತೊಲೆಯ ತುದಿ ಮತ್ತು ದಳಿ ಚೌಕಟ್ಟಿಗೆ ಸೇರುವ ತೂತುಗಳು ಮೊದಲು ಹಾಳಾಗುತ್ತವೆ. ಎನಾಮಲ್ ಬಣ್ಣದ ಬಿರುಕಿನಿಂದ ಒಳಹೊಕ್ಕ ನೀರು ಸುಲಭವಾಗಿ ಹೊರಬರಲಾರದು. ಹೊರಗೆ ಹೊಳಪು ಕಂಡರೂ ಒಳಗೆ ಮರ ಲಡ್ಡಾಗಿರುತ್ತದೆ.

ಮೊದಲು ಪರೀಕ್ಷೆ

ಕಂಬದ ಬುಡವನ್ನು ಚೂಪಾದ ಮೊಳೆಯಿಂದ ಒತ್ತಿ ನೋಡಿ. ಮೊಳೆ ಸಲೀಸಾಗಿ ಇಳಿದರೆ ಅಥವಾ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಬಣ್ಣ, ಎಣ್ಣೆಗಳಿಂದ ಉಪಯೋಗವಿಲ್ಲ. ಕೂಡಲೇ ಮಾಡಿಗೆ ಆಸರೆ ಕೊಟ್ಟು ಅನುಭವಿ ಬಡಗಿಯಿಂದ ದುರಸ್ತಿ ಮಾಡಿಸಿ. ಇದರಲ್ಲಿ ತಡ ಸಲ್ಲದು.

ಉಪಚಾರದ ಕ್ರಮ

ಅಡಿಕೆ ಕೊಯ್ಲಿನ ಕೆಲಸ ಮುಗಿದು ಹವೆ ಒಣಗಿರುವ ಫೆಬ್ರವರಿ–ಮಾರ್ಚ್ ತಿಂಗಳುಗಳು ಇದಕ್ಕೆ ಸೂಕ್ತ ಕಾಲ.

1. ಹಳೆಯ ಬಣ್ಣವನ್ನು ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಧೂಳು ತೆಗೆಯಿರಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಮೂಗು-ಬಾಯಿ ಮುಚ್ಚಿಕೊಂಡು, ಮರವನ್ನು ತುಸು ಒದ್ದೆ ಮಾಡಿಕೊಂಡು ಕೆರೆಯಿರಿ, ಮಕ್ಕಳನ್ನು ದೂರವಿಡಿ. ಬಳಿಕ ಮರ ಚೆನ್ನಾಗಿ ಒಣಗಲಿ.

2. ಹತ್ತು ಲೀಟರ್ ಬಿಸಿನೀರಿನಲ್ಲಿ 300 ಗ್ರಾಂ ಬಿಳಿಗಾರ (ಬೊರಾಕ್ಸ್) ಮತ್ತು 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಕುಂಚದಿಂದ ಎರಡು ಸಲ ಬಳಿಯಿರಿ. ತುದಿಗಳಿಗೂ ಬಿರುಕುಗಳಿಗೂ ಹೆಚ್ಚು ಕುಡಿಸಿ. ಇದು ಶಿಲೀಂಧ್ರ ಮತ್ತು ಮರ ಕೊರೆಯುವ ಹುಳುಗಳನ್ನು ತಡೆಯುತ್ತದೆ. ಬೋರಾನ್ ನೀರಿನಲ್ಲಿ ತೊಳೆದುಹೋಗುವುದರಿಂದ ಇದು ಮಾಡಿನ ಕೆಳಗಿನ ಮರಕ್ಕೆ ಮಾತ್ರ ಯೋಗ್ಯ.

3. ಎರಡು ವಾರ ಒಣಗಿಸಿ, ಬಣ್ಣದಂಗಡಿಯಲ್ಲಿ ಸಿಗುವ ಬೇಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಬಳಿಯಿರಿ. ಮೊದಲ ಸಲಕ್ಕೆ ಸಮಪಾಲು ಟರ್ಪೆಂಟೈನ್ ಬೆರೆಸಿ. ಅರ್ಧ ಗಂಟೆಯ ನಂತರ ಮೇಲುಳಿದ ಎಣ್ಣೆಯನ್ನು ಒರೆಸಿಬಿಡಿ. ಪೂರ್ತಿ ಒಣಗಿದ ಮೇಲೆ ಇನ್ನೆರಡು ಸಲ ಬಳಿಯಿರಿ.

ಮಳೆಗಾಲದ ನಿಗಾ

ಎರಚಲು ಬೀಳುವ ಕಡೆ ಸೋಗೆ ತಟ್ಟಿ ಕಟ್ಟಿ. ಆದರೆ ಗಾಳಿಯಾಡಲು ಮರದಿಂದ ಒಂದು ಗೇಣು ಅಂತರ ಬಿಡಿ. ಕಂಬಕ್ಕೆ ತಾಗಿದಂತೆ ಸೌದೆ ಒಟ್ಟಬೇಡಿ, ಬಳ್ಳಿ ಹಬ್ಬಿಸಬೇಡಿ. ಕಂಬದ ಬುಡ ಕಲ್ಲಿನ ಮೇಲಿರಲಿ, ಮಣ್ಣಿಗೆ ತಾಗದಿರಲಿ. ಒರಲೆಯ ಮಣ್ಣುಗೂಡು ಕಂಡರೆ ಕೆಡವಿ, ಅದು ಬಂದ ದಾರಿಯನ್ನು ಹುಡುಕಿ.

ಎಚ್ಚರಿಕೆಗಳು

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತಾನಾಗಿಯೇ ಹೊತ್ತಿಕೊಳ್ಳಬಹುದು; ನೀರಿನಲ್ಲಿ ಮುಳುಗಿಸಿಡಿ. ಉಳಿದ ಬೋರಾನ್ ದ್ರಾವಣವನ್ನು ಅಡಿಕೆ ಮರದ ಬುಡಕ್ಕೆ ಸುರಿಯಬೇಡಿ. ಬೋರಾನ್ ಬೆಳೆಗೆ ಅತ್ಯಲ್ಪ ಸಾಕು. ಹೆಚ್ಚಾದರೆ ಎಲೆಯ ತುದಿ ಸುಡುತ್ತದೆ. ಯಂತ್ರಗಳಿಂದ ತೆಗೆದ ಸುಟ್ಟ ಎಣ್ಣೆಯನ್ನು ಮಕ್ಕಳು ಕೂರುವ, ಅಡಿಕೆ ಹರಡುವ ಜಾಗದ ಮರಕ್ಕೆ ಬಳಿಯಬಾರದು. ಅದರಲ್ಲಿ ವಿಷಕಾರಿ ಲೋಹಗಳಿರುತ್ತವೆ. ಗೇರು ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವುದರಿಂದ ಬರಿಗೈಯಲ್ಲಿ ಮುಟ್ಟಬೇಡಿ.

ವರ್ಷಕ್ಕೊಮ್ಮೆ ಇದೇ ಕಾಲದಲ್ಲಿ ಕಂಬಗಳನ್ನು ಪರೀಕ್ಷಿಸಿ. ಮರದ ಮೇಲೆ ಚಿಮುಕಿಸಿದ ನೀರು ಹನಿಯಾಗಿ ನಿಲ್ಲದೆ ಇಂಗಿದರೆ ಮತ್ತೊಮ್ಮೆ ಎಣ್ಣೆ ಬಳಿಯಿರಿ. ಈ ಅಲ್ಪ ಶ್ರಮದಿಂದ ಹಿರಿಯರು ನಿಲ್ಲಿಸಿದ ಕಂಬಗಳು ಮುಂದಿನ ತಲೆಮಾರಿಗೂ ಉಳಿದಾವು.